ದೋಣಿಗೊಂದು ಬಂಡಿ

‘ಅಗ್ಗದ ಆಸೆಗೆ ಮುಗ್ಗಿದ ಜೋಳ ತಂದರು’ ಎಂದು ನಮ್ಮ ಹಿರಿಯರು ಆಡುತ್ತಿದ್ದ ಮಾತು ಜೋಳಕ್ಕೆ ಮಾತ್ರವೇ ಸಲ್ಲತಕ್ಕುದೆಂದು ನಾನು ಬಹುಕಾಲ ತಿಳಿದುಕೊಂಡಿದ್ದೆನು. ಅದು ದೋಣಿಗೂ, ದೋಣಿಗಿಂತ ಹೆಚ್ಚಾಗಿ ದೋಣಿಯನ್ನು ಹೊತ್ತು ತಿರುಗುವ ಬಂಡಿಗೂ ಸಲ್ಲುವುದೆಂಬುದು 2021ನೆಯ ಇಸವಿಯ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಪರದೇಶದ ಹೆದ್ದಾರಿಯೊಂದರ ಬದಿಯಲ್ಲಿ ಮಗಳ ಕೈಹಿಡಿದು ನಿಂತಿದ್ದಾಗ ನನಗೆ ಮನದಟ್ಟಾಯಿತು.

ದೋಣಿಗೆ ಬಂಡಿಯೇ? ಎಂದು ವಾಚಕರು ನಗಬಹುದು. ನಾನೂ ಮೊದಲು ನಕ್ಕವಳೇ. ನಾನು ಮಂಡ್ಯದ ಸೀಮೆಯವಳು. ನಾನು ಬಾಲ್ಯದಲ್ಲಿ ಕಂಡ ದೋಣಿಯೆಂದರೆ ಕಾವೇರಿಯ ಹರಿಗೋಲು; ಜನರನ್ನು ದಾಟಿಸಿದ ಮೇಲೆ ಅಂಬಿಗನು ಅದನ್ನು ಬೋರಲಾಗಿ ತಲೆಯ ಮೇಲೆ ಹೊತ್ತು ಮನೆಗೆ ನಡೆದುಬಿಡುತ್ತಿದ್ದನು. ನಮ್ಮ ಯಜಮಾನರು ಕುಂದಾಪುರದ ಕಡೆಯವರು. ಅವರು ಕಂಡ ದೋಣಿಗಳನ್ನು ಹತ್ತಾರು ಜನರು ಕೂಡಿ, ಒಂದೇ ದನಿಯಲ್ಲಿ ಕೂಗು ಹಾಕುತ್ತ, ಮರಳಿನ ಮೇಲೆ ಎಳೆದು ತರುತ್ತಿದ್ದರು. ಇಬ್ಬರ ಊರಿನಲ್ಲಿಯೂ ದೋಣಿಗೆ ಚಕ್ರವಿರಲಿಲ್ಲ. ಆದರೆ ನಾವು ಈಗ ಹಲವು ವರ್ಷಗಳಿಂದ ಮನೆಮಾಡಿಕೊಂಡಿರುವ ಅಮೆರಿಕೆಯ ಮಿನ್ನೆಸೋಟ ಸಂಸ್ಥಾನದಲ್ಲಿ ದೋಣಿಯು ನೀರಿನ ಮೇಲೆ ಕಳೆಯುವ ಕಾಲಕ್ಕಿಂತ ಚಕ್ರದ ಮೇಲೆ ಕಳೆಯುವ ಕಾಲವೇ ಹೆಚ್ಚು.

ಅದಕ್ಕೆ ಕಾರಣವುಂಟು. ಈ ಸಂಸ್ಥಾನವನ್ನು ‘ಹತ್ತು ಸಾವಿರ ಸರೋವರಗಳ ನಾಡು’ ಎನ್ನುತ್ತಾರೆ. ಇಲ್ಲಿನ ಮೋಟಾರುಗಳ ನಂಬರು ಫಲಕದ ಮೇಲೆಯೇ ಆ ಮಾತು ಅಚ್ಚಾಗಿದೆ. ಹತ್ತು ಎಕರೆಗೆ ಕಡಮೆಯಿಲ್ಲದ ಸರೋವರಗಳನ್ನು ಎಣಿಸಿದರೆ ನಿಜವಾದ ಲೆಕ್ಕ 11,842. ಚಳಿಗಾಲ ಬಂದಿತೆಂದರೆ ಇವೆಲ್ಲವೂ ಗಟ್ಟಿಯಾಗಿ ಹೆಪ್ಪುಗಟ್ಟುತ್ತವೆ. ಆಗ ದೋಣಿಯನ್ನು ನೀರಿನಲ್ಲಿ ಬಿಡುವಂತಿಲ್ಲ. ಮನೆಯ ಹಿತ್ತಲಿಗೆ ತಂದು ಹೊದಿಸಿಡಬೇಕು. ಬೇಸಗೆಯಲ್ಲಿಯೂ ಒಂದು ವಾರ ಒಂದು ಸರೋವರ, ಮರುವಾರ ಮತ್ತೊಂದು ಎಂದು ಜನರು ಅಲೆಯುತ್ತಾರೆ. ಹೀಗಾಗಿ ಕಾರಿನ ಹಿಂದೆ ಕಟ್ಟಿ ಎಳೆಯುವ ಬಂಡಿಯೊಂದು ಪ್ರತಿಯೊಂದು ದೋಣಿಗೂ ಅವಶ್ಯಕ. ಇದನ್ನು ಇಲ್ಲಿ ಟ್ರೇಲರು ಎನ್ನುತ್ತಾರೆ. ನಾನು ನಮ್ಮ ಮಾತಿನಲ್ಲಿ ಬಂಡಿಯೆಂದೇ ಕರೆಯುವೆನು.

ಇಲ್ಲಿನ ಸಾಮಾನ್ಯ ಸಂಸಾರಿಗನ ಕೈಗೆ ದೋಣಿ ಎಟುಕುವಂತಾದುದಕ್ಕೂ ಒಂದು ಕಥೆಯಿದೆ. ನೆರೆಯ ವಿಸ್ಕಾನ್ಸಿನ್ ಸಂಸ್ಥಾನದ ಮಿಲ್ವಾಕಿ ಪಟ್ಟಣದಲ್ಲಿ ಓಲೆ ಎವಿನ್ರೂಡ್ ಎಂಬ, ನಾರ್ವೆಯಲ್ಲಿ ಹುಟ್ಟಿದ ಕುಶಲಕರ್ಮಿಯು 1909ರಲ್ಲಿ ದೋಣಿಯ ಹಿಂಬದಿಗೆ ತಗುಲಿಸುವ ಎಂಜಿನ್ನುಗಳನ್ನು ಮಾರಲು ತೊಡಗಿದನು. ಪ್ರಿಯೆಯು ಬಯಸಿದ ಐಸ್‌ಕ್ರೀಮನ್ನು ತರಲು ಬಿಸಿಲಿನಲ್ಲಿ ಸರೋವರದ ಉದ್ದಕ್ಕೂ ಹುಟ್ಟುಹಾಕಿ ಬೇಸತ್ತು ಅವನು ಈ ಯಂತ್ರವನ್ನು ಯೋಚಿಸಿದನೆಂದು ಹೇಳಿಕೆಯುಂಟು. ಆ ಪ್ರಿಯೆಯೇ ಮುಂದೆ ಅವನ ಪತ್ನಿಯಾದ ಬೆಸ್. ವ್ಯಾಪಾರದ ಲೆಕ್ಕಪತ್ರಗಳನ್ನೂ ಜಾಹೀರಾತುಗಳನ್ನೂ ನೋಡಿಕೊಂಡು ಆ ಉದ್ಯಮವನ್ನು ನಿಲ್ಲಿಸಿದವಳು ಆಕೆ. ಎರಡನೆಯ ಮಹಾಯುದ್ಧದ ತರುವಾಯ ಅಲ್ಯುಮಿನಿಯಮ್ಮಿನ ಹಗುರ ದೋಣಿಗಳು ಬಂದವು. ಇದೇ ಮಿನ್ನೆಸೋಟದ ನ್ಯೂಯಾರ್ಕ್ ಮಿಲ್ಸ್ ಎಂಬ ಸಣ್ಣ ಊರಿನಲ್ಲಿ ಲುಂಡ್ ದೋಣಿಗಳ ಕಾರ್ಖಾನೆಯು 1948ರಲ್ಲಿ ಮೊದಲಾಯಿತು. ಹಗುರ ದೋಣಿ, ಕಳಚಿಡಬಹುದಾದ ಎಂಜಿನ್ನು, ಎಳೆಯುವ ಬಂಡಿ — ಈ ಮೂರೂ ಕೂಡಿದ ಮೇಲೆ ದಡದಲ್ಲಿ ಮನೆಯಿಲ್ಲದವನೂ ದೋಣಿಯ ಒಡೆಯನಾಗಬಹುದಾಯಿತು.

ಹೆದ್ದಾರಿಯ ಹೊಗೆ

ನಮ್ಮ ಯಜಮಾನರಿಗೆ ಹಲವು ವರ್ಷಗಳಿಂದ ಈ ಆಸೆಯಿದ್ದಿತು. ಕೊನೆಗೆ ಉತ್ತರದ ಒಂದು ಊರಿನಲ್ಲಿ ಹದಿನಾರು ಅಡಿ ಉದ್ದದ, ಹಳೆಯದಾದರೂ ಗಟ್ಟಿಯಾದ ಅಲ್ಯುಮಿನಿಯಂ ಮೀನುದೋಣಿಯೊಂದು ಮಾರಾಟಕ್ಕಿರುವುದೆಂದು ತಿಳಿದು, ಅವರೂ ನಾನೂ ಹನ್ನೆರಡು ವರ್ಷದ ಮಗಳೂ ಹೊರಟೆವು. ದೋಣಿಯನ್ನು ಅವರು ಮೂಸಿ ನೋಡಿದರು, ತಟ್ಟಿ ನೋಡಿದರು, ಎಂಜಿನ್ನನ್ನು ಓಡಿಸಿ ಕಿವಿಗೊಟ್ಟು ಕೇಳಿದರು. ಬೆಲೆ ಎಂಜಿನ್ನು ಸಹಿತ 4,500 ಡಾಲರು. “ಬಂಡಿ ಇದಕ್ಕೆ ಸೇರಿಯೇ ಬರುತ್ತದೆ” ಎಂದನು ಮಾರುವವನು. ಸುಮ್ಮನೆ ಬರುವುದನ್ನು ಯಾರು ಪರೀಕ್ಷಿಸುತ್ತಾರೆ? ನಾವೂ ಪರೀಕ್ಷಿಸಲಿಲ್ಲ.

ನಲವತ್ತು ಮೈಲಿ ಬಂದಿರಬಹುದು. ಹಿಂದಿನ ಸೀಟಿನಲ್ಲಿ ಕುಳಿತು ದೋಣಿಯನ್ನೇ ನೋಡುತ್ತಿದ್ದ ಮಗಳು, “ಅಪ್ಪ, ಚಕ್ರದಿಂದ ಹೊಗೆ ಬರುತ್ತಾ ಇದೆ” ಎಂದಳು. ಯಜಮಾನರು ಕಾರನ್ನು ಮೆಲ್ಲಗೆ ಬದಿಗೆ ತಂದು ನಿಲ್ಲಿಸಿದರು. ಬಲಗಡೆಯ ಚಕ್ರದ ಗುಂಭವು ಕುಲುಮೆಯಿಂದ ತೆಗೆದ ಕಬ್ಬಿಣದಂತೆ ಕಾಯುತ್ತಿದ್ದಿತು. ಚಕ್ರವು ಓರೆಯಾಗಿ ವಾಲಿದ್ದಿತು. ಒಳಗಿನ ಬೇರಿಂಗು ಸುಟ್ಟು ಪುಡಿಯಾಗಿದ್ದಿತು. ಇನ್ನೊಂದೆರಡು ಮೈಲಿ ಹೋಗಿದ್ದರೆ ಚಕ್ರವು ಅಚ್ಚಿನಿಂದ ಕಳಚಿ, ಗಂಟೆಗೆ ಅರುವತ್ತು ಮೈಲಿ ವೇಗದಲ್ಲಿ, ಹಿಂದೆ ಬರುತ್ತಿದ್ದವರ ಮೇಲೆ ಹಾರುತ್ತಿದ್ದಿತು. ಆ ದಿನ ನಮ್ಮ ಹಿಂದೆ ಬರುತ್ತಿದ್ದ ಕಾರಿನಲ್ಲಿಯೂ ಮಕ್ಕಳಿದ್ದರು. ಅವರು ಕೈಬೀಸಿ ಮುಂದೆ ಹೋದುದನ್ನು ನಾನು ಇಂದಿಗೂ ಮರೆತಿಲ್ಲ.

ದೋಣಿಯನ್ನೂ ಬಂಡಿಯನ್ನೂ ಲಾರಿಯ ಮೇಲೆ ಹೇರಿ ಮನೆಗೆ ತರಿಸಿದೆವು. ದಾರಿಯುದ್ದಕ್ಕೂ ಯಾರೂ ಮಾತನಾಡಲಿಲ್ಲ.

ತಾತನ ಮಾತು, ನೆರೆಯವರ ಲೆಕ್ಕ

ಮರುದಿನ ನೆರೆಮನೆಯ ಹಿರಿಯರೊಬ್ಬರು ಬಂದು ನೋಡಿದರು. ಅವರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಲವತ್ತು ವರ್ಷ ಈ ಸರೋವರಗಳಲ್ಲಿ ಮೀನು ಹಿಡಿದವರು. ಅವರು ದೋಣಿಯತ್ತ ಕಣ್ಣೆತ್ತಿಯೂ ನೋಡದೆ ನೇರವಾಗಿ ಬಂಡಿಯ ಕೆಳಗೆ ಮಲಗಿದರು. ಆಗ ನನಗೆ ನಮ್ಮ ತಾತನ ನೆನಪಾಯಿತು. ಸಂತೆಯಲ್ಲಿ ಹಳೆಯ ಎತ್ತಿನ ಗಾಡಿಯನ್ನು ಕೊಳ್ಳಲು ಹೋದಾಗ ತಾತನು ಬಣ್ಣವನ್ನೂ ಗಂಟೆಯನ್ನೂ ನೋಡುತ್ತಿರಲಿಲ್ಲ. ಕುಕ್ಕರುಗಾಲಿನಲ್ಲಿ ಕುಳಿತು ಅಚ್ಚನ್ನೂ ಕಡಾಣಿಯನ್ನೂ ನೋಡುತ್ತಿದ್ದನು. “ಕೀಲೆಣ್ಣೆ ಕಾಣದ ಗಾಡಿ ಒಡೆಯನನ್ನು ನಡುದಾರಿಯಲ್ಲಿ ಇಳಿಸುತ್ತೆ, ಮಗಾ” ಎನ್ನುತ್ತಿದ್ದನು.

ಹಿರಿಯರು ಕಂಡುಹಿಡಿದ ದೋಷಗಳು ಮೂರು. ಒಂದು, ಕೀಲೆಣ್ಣೆಯ ಉಪೇಕ್ಷೆ. ದಾರಿಯಲ್ಲಿ ಓಡಿ ಬಿಸಿಯಾದ ಚಕ್ರವನ್ನು ಸರೋವರದ ತಣ್ಣೀರಿನಲ್ಲಿ ಒಮ್ಮೆಗೇ ಇಳಿಸಿದಾಗ, ಗುಂಭದೊಳಗಿನ ಗಾಳಿಯು ಕುಗ್ಗಿ, ಸವೆದ ಮುಚ್ಚಳದ ಸಂದಿನಿಂದ ನೀರನ್ನು ಒಳಕ್ಕೆಳೆಯುತ್ತದೆ. ಆ ನೀರು ಚಳಿಗಾಲವೆಲ್ಲ ಒಳಗೇ ಕುಳಿತು ಬೇರಿಂಗಿಗೆ ತುಕ್ಕು ಹಿಡಿಸುತ್ತದೆ. ಆದುದರಿಂದ ದೋಣಿಯ ಬಂಡಿಗೆ ವರ್ಷಕ್ಕೊಮ್ಮೆ ಹಳೆಯ ಗ್ರೀಸನ್ನು ತೆಗೆದು ಹೊಸದನ್ನು ತುಂಬಲೇಬೇಕು. ಎರಡು, ಚೌಕಟ್ಟಿನ ತುಕ್ಕು. ಅದರ ಟೊಳ್ಳು ಕಂಬಿಗಳು ಹೊರಗೆ ಬಣ್ಣದಿಂದ ಮಿನುಗುತ್ತಿದ್ದರೂ, ಸುತ್ತಿಗೆಯಿಂದ ತಟ್ಟಿದಾಗ ಮಂದವಾದ ಶಬ್ದ ಬಂದು ತುಕ್ಕಿನ ಹೊಟ್ಟು ಉದುರಿತು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅದು ಕಣ್ಣಿಗೆ ಕಾಣದೆ ಲೆಕ್ಕದಲ್ಲಿ ಮಾತ್ರ ಕಾಣತಕ್ಕುದು.

ಬಂಡಿಯ ಮೂಕಿಗೆ ಹೊಡೆದ ಸಣ್ಣ ಫಲಕವನ್ನು ಒರಸಿ ಮಗಳು ಓದಿದಳು: ಹೊರಬಹುದಾದ ಭಾರ 1,000 ಪೌಂಡು. ಅಡಿಗೆಮನೆಯ ಮೇಜಿನ ಮೇಲೆ ನಾವು ಲೆಕ್ಕ ಹಾಕಿದೆವು.

ದೋಣಿಯ ಬರಿಯ ಒಡಲು — 600 ಪೌಂಡು
40 ಅಶ್ವಶಕ್ತಿಯ ಎಂಜಿನ್ನು — 240 ಪೌಂಡು
ಪೆಟ್ರೋಲು 12 ಗ್ಯಾಲನ್ನು — 73 ಪೌಂಡು
ಬ್ಯಾಟರಿ ಎರಡು — 100 ಪೌಂಡು
ಲಂಗರು, ಹಗ್ಗ, ಪ್ರಾಣರಕ್ಷಕ ಅಂಗಿಗಳು, ಗಾಳದ ಕೋಲುಗಳು, ಮಂಜುಗಡ್ಡೆಯ ಪೆಟ್ಟಿಗೆ — 150 ಪೌಂಡು

ಒಟ್ಟು 1,163 ಪೌಂಡು, ಎಂದರೆ ಸುಮಾರು 528 ಕಿಲೋಗ್ರಾಂ. ಆ ಬಂಡಿಯು ವರ್ಷಗಟ್ಟಲೆ ಶಕ್ತಿಮೀರಿದ ಹೊರೆಯನ್ನು ಹೊತ್ತಿದ್ದಿತು. ಮೊದಲು ದೋಣಿಗೆ 20 ಅಶ್ವಶಕ್ತಿಯ ಹಗುರ ಎಂಜಿನ್ನು ಇದ್ದು, ಹಿಂದಿನ ಒಡೆಯನು ದೊಡ್ಡದನ್ನು ಕೂಡಿಸಿದ್ದನಂತೆ. ದೋಣಿಯ ಫಲಕವು 40 ಅಶ್ವಶಕ್ತಿಯವರೆಗೆ ಒಪ್ಪುತ್ತಿದ್ದಿತು. ಬಂಡಿಯ ಫಲಕವನ್ನು ಯಾರೂ ಕೇಳಿರಲಿಲ್ಲ. ಹೊಸ ಬೇರಿಂಗು ಹಾಕಿ ಇದೇ ಬಂಡಿಯಲ್ಲಿ ಕಾಲ ಕಳೆಯೋಣವೆಂದು ಯಜಮಾನರ ಮನಸ್ಸಿನಲ್ಲಿದ್ದಿತು. ಲೆಕ್ಕವನ್ನು ನೋಡಿದ ಮೇಲೆ ಅವರೇ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, “ಬೇರೆ ಬಂಡಿಯೇ ಆಗಬೇಕು” ಎಂದರು.

ನೋಡಿ ಕೊಳ್ಳತಕ್ಕ ಅಂಶಗಳು

ಆ ಮೂರು ವಾರಗಳಲ್ಲಿ ಕಲಿತುದನ್ನು, ಇಂತಹ ಕೊಳ್ಳುವಿಕೆಗೆ ಹೊರಡುವ ಇತರರಿಗೆ ಉಪಯೋಗವಾಗಲೆಂದು ಇಲ್ಲಿ ಕೂಡಿಸಿ ಹೇಳುತ್ತೇನೆ.

ಮೊದಲನೆಯದು ಭಾರ. ಲೆಕ್ಕದಲ್ಲಿ ಬಂದುದಕ್ಕಿಂತ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚು ಹೊರುವ ಬಂಡಿ ಬೇಕು. ನಮ್ಮ 1,163ಕ್ಕೆ ಅದು ಸುಮಾರು 1,400 ಆಗುವುದರಿಂದ 1,500 ಪೌಂಡಿನ ಬಂಡಿಯನ್ನು ಹುಡುಕಿದೆವು. ಇಲ್ಲಿ ಹಲವರು ಎಡವುವುದುಂಟು. ಫಲಕದ ಮೇಲೆ ದೊಡ್ಡದಾಗಿ ಬರೆದ ಅಂಕಿಯು ಬಂಡಿಯ ಸ್ವಂತ ತೂಕವನ್ನೂ ಸೇರಿಸಿದ ಒಟ್ಟು ಭಾರವಾಗಿರಬಹುದು. ಒಟ್ಟು 1,850 ಎಂದಿದ್ದು ಬಂಡಿಯೇ 350 ಪೌಂಡು ತೂಗಿದರೆ ಹೊರೆಗೆ ಉಳಿಯುವುದು 1,500 ಮಾತ್ರ. ಹಾಗೆಯೇ ತಮ್ಮ ಕಾರು ಎಷ್ಟನ್ನು ಎಳೆಯಬಲ್ಲುದೆಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಒಟ್ಟು ಭಾರವು 3,000 ಪೌಂಡನ್ನು ಮುಟ್ಟಿದರೆ ಬಂಡಿಗೇ ಪ್ರತ್ಯೇಕ ಬ್ರೇಕು ಇರಬೇಕೆಂದು ಅಮೆರಿಕೆಯ ಅನೇಕ ಸಂಸ್ಥಾನಗಳ ಕಾನೂನು.

ಎರಡನೆಯದು ದೋಣಿಯು ಕೂರುವ ಹಾಸು. ಕಂಬಳಿಯಂತಹ ಬಟ್ಟೆ ಹೊದಿಸಿದ ಉದ್ದನೆಯ ಮರದ ಹಲಗೆಗಳ ಬಂಡಿಯೊಂದು ಬಗೆ, ರಬ್ಬರಿನ ಉರುಳೆಗಳ ಬಂಡಿ ಇನ್ನೊಂದು ಬಗೆ. ಉರುಳೆಗಳ ಮೇಲೆ ದೋಣಿ ಸುಲಭವಾಗಿ ಜಾರುತ್ತದೆ. ನೀರು ತೆಳುವಾದ ದಡದಲ್ಲಿ ಇದು ಅನುಕೂಲ. ಆದರೆ ಭಾರವೆಲ್ಲ ಕೆಲವೇ ಬಿಂದುಗಳ ಮೇಲೆ ಬೀಳುತ್ತದೆ. ಹಲಗೆಗಳು ಭಾರವನ್ನು ಉದ್ದಕ್ಕೂ ಹಂಚುವುದರಿಂದ ತೆಳುತಗಡಿನ ಅಲ್ಯುಮಿನಿಯಂ ದೋಣಿಗೆ ಅವೇ ಹಿತ; ಬಂಡಿಯನ್ನು ಇನ್ನಷ್ಟು ಆಳಕ್ಕೆ ಇಳಿಸಬೇಕಾಗುವುದೊಂದೇ ತೊಡಕು. ಯಾವ ಬಗೆಯಾದರೂ ಹಾಸು ದೋಣಿಯ ಹಿಂಬದಿಯ ಅಂಚಿನವರೆಗೆ ಮುಟ್ಟಬೇಕು. ಎಂಜಿನ್ನಿನ ಭಾರ ಬೀಳುವುದು ಅಲ್ಲಿಯೇ. ಆ ಭಾಗವು ಆಧಾರವಿಲ್ಲದೆ ತೂಗಿದರೆ ವರ್ಷಗಳಲ್ಲಿ ದೋಣಿಯ ತಳವೇ ಬಾಗಿಹೋಗುತ್ತದೆ. ಹಲಗೆಯನ್ನು ಬದಲಿಸುವವರು ಮತ್ತೊಂದನ್ನು ನೆನಪಿನಲ್ಲಿಡಬೇಕು: ಕೊಳೆಯದಂತೆ ತಾಮ್ರದ ಲವಣವನ್ನು ಉಣಿಸಿದ ಮರವು ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ.

ಮೂರನೆಯದು ಚೌಕಟ್ಟಿನ ಲೋಹ. ಬಣ್ಣ ಬಳಿದ ಉಕ್ಕು ಅಗ್ಗ. ಸಿಹಿನೀರಿನಲ್ಲಿ ಮಾತ್ರ ಬಳಸಿ ಒಣಗಿಸಿಡುವವರಿಗೆ ಸಾಕು. ಸತುವಿನ ಲೇಪವಿರುವ ಉಕ್ಕು ತುಕ್ಕನ್ನು ಬಹುಕಾಲ ತಡೆಯುತ್ತದೆ. ಕಡಲ ನೀರಿಗಿಳಿಸುವವರು ಇದನ್ನಾಗಲಿ ಅಲ್ಯುಮಿನಿಯಮ್ಮನ್ನಾಗಲಿ ಆರಿಸಬೇಕು. ಇಲ್ಲಿ ಕಡಲಿಲ್ಲದಿದ್ದರೂ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ವಾಡಿಕೆಯುಂಟಾದುದರಿಂದ ನಾವು ಸತುವಿನ ಲೇಪವನ್ನೇ ಬಯಸಿದೆವು.

ನಾಲ್ಕನೆಯದು ಚಕ್ರ. ಬಂಡಿಗೆಂದೇ ಮಾಡಿದ ಟೈರುಗಳಿವೆ, ಕಾರಿನವು ಸಲ್ಲವು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ: 1419 ಎಂದರೆ 2019ನೆಯ ಇಸವಿಯ ಹದಿನಾಲ್ಕನೆಯ ವಾರದಲ್ಲಿ ಮಾಡಿದುದೆಂದು ಅರ್ಥ. ಐದಾರು ವರ್ಷ ಕಳೆದ ಟೈರು ಸವೆಯದಿದ್ದರೂ ಬಿಸಿಲಿಗೆ ಸತ್ತುಹೋಗಿರುತ್ತದೆ. ನಮ್ಮ ಹಳೆಯ ಬಂಡಿಯ ಟೈರುಗಳು 2008ರವು! ಚಕ್ರವನ್ನು ಜಾಕಿಯಿಂದ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಬೇಕು. ಕಟಕಟ ಆಡಿದರೆ ಬೇರಿಂಗು ಸವೆದಿದೆ. ತಿರುಗಿಸಿ ಕಿವಿಗೊಡಬೇಕು, ಮರಳು ಅರೆದಂತೆ ಸದ್ದಾದರೆ ಒಳಗೆ ತುಕ್ಕಿದೆ. ಹತ್ತು ಮೈಲಿ ಓಡಿಸಿ ಗುಂಭದ ಬಳಿ ಅಂಗೈಯನ್ನು ಮೆಲ್ಲನೆ ಒಡ್ಡಿ, ಆ ಮೇಲೆ ಮುಟ್ಟಬೇಕು. ಬೆಚ್ಚಗಿದ್ದರೆ ಸರಿ, ಕೈಯಿಡಲಾರದಷ್ಟು ಕಾದಿದ್ದರೆ ಸರಿಯಲ್ಲ.

ಐದನೆಯದು ಕೊಂಡಿ. ಕಾರಿನ ಹಿಂದಿನ ಗುಂಡನ್ನು ಬಂಡಿಯ ಬಾಯಿ ಕಚ್ಚಿಕೊಳ್ಳುತ್ತದೆ. ಗುಂಡುಗಳಲ್ಲಿ 1⅞ ಅಂಗುಲ, 2 ಅಂಗುಲ, 2 5/16 ಅಂಗುಲ ಎಂಬ ಅಳತೆಗಳಿವೆ. ಎರಡಂಗುಲದ ಬಾಯಿಯು 1⅞ರ ಗುಂಡಿನ ಮೇಲೆ ಕೂತು ಬೀಗವೂ ಬಿದ್ದಂತೆ ತೋರುತ್ತದೆ. ಆದರೆ ಮೊದಲನೆಯ ಹಳ್ಳದಲ್ಲಿಯೇ ಹಾರಿ ಬರುತ್ತದೆ. ಬೇರೆ ಬಂಡಿ ಕೊಂಡವರು ಗುಂಡನ್ನೂ ನೋಡಿ ಬದಲಿಸಬೇಕು. ಕಾವಲು ಸರಪಣಿಗಳೆರಡನ್ನು ಮೂಕಿಯ ಕೆಳಗೆ ಕತ್ತರಿಯಾಕಾರದಲ್ಲಿ ಕಟ್ಟಿದರೆ, ಕೊಂಡಿ ಕಳಚಿದರೂ ಮೂಕಿಯು ನೆಲಕ್ಕೆ ನಾಟದೆ ತೊಟ್ಟಿಲಿನಲ್ಲಿ ಬಿದ್ದಂತೆ ಸರಪಣಿಯ ಮೇಲೆ ಬೀಳುತ್ತದೆ. ಹಿಂದಿನ ದೀಪಗಳು ಉರಿಯದಿದ್ದರೆ ಮೊದಲು ನೋಡತಕ್ಕುದು ಚೌಕಟ್ಟಿಗೆ ಬಿಗಿದ ಬಿಳಿಯ ತಂತಿಯನ್ನು. ಅಲ್ಲಿ ತುಕ್ಕು ಹಿಡಿದರೆ ಯಾವ ದೀಪವೂ ನೆಟ್ಟಗೆ ಉರಿಯದು.

ಕೊನೆಯದು ಕಾಗದಪತ್ರ. ಈ ದೇಶದಲ್ಲಿ 1981ರಿಂದೀಚೆಗೆ ಕಾರ್ಖಾನೆಯಿಂದ ಹೊರಬಿದ್ದ ವಾಹನಗಳಿಗೆ ಹದಿನೇಳು ಅಕ್ಷರಾಂಕಗಳ ಗುರುತೊಂದಿರುತ್ತದೆ, ಬಂಡಿಗೂ ಇರುತ್ತದೆ. ಚೌಕಟ್ಟಿನ ಮೇಲಿನ ಗುರುತೂ ಒಡೆತನದ ಪತ್ರದ ಗುರುತೂ ಒಂದೇ ಆಗಿರಬೇಕು. ಸಣ್ಣ ಬಂಡಿಗಳಿಗೆ ಒಡೆತನದ ಪತ್ರವನ್ನೇ ಕೊಡದ ಸಂಸ್ಥಾನಗಳೂ ಇವೆ. ಅಲ್ಲಿ ನೋಂದಣಿಯ ಚೀಟಿಯನ್ನೂ ಮಾರಾಟದ ರಸೀದಿಯನ್ನೂ ಕೇಳಿ ಪಡೆಯಬೇಕು.

ಮೂರು ಬಂಡಿಗಳು

ಹೊಸ ಬಂಡಿಯನ್ನೇ ಕೊಳ್ಳೋಣವೆಂದರೆ, 2020ರ ಮಹಾಮಾರಿಯ ತರುವಾಯ ಮನೆಯಲ್ಲಿ ಕುಳಿತು ಬೇಸತ್ತ ಜನರೆಲ್ಲ ದೋಣಿಗಳಿಗೆ ಮುಗಿಬಿದ್ದಿದ್ದರು. ಅಂಗಡಿಯವರು 2,000 ಡಾಲರು ಕೇಳಿ, ಅದಕ್ಕೂ ತಿಂಗಳುಗಟ್ಟಲೆ ಕಾಯಬೇಕೆಂದರು. ಆದುದರಿಂದ ಹಳೆಯ ಬಂಡಿಗಳನ್ನು ನೋಡಲು ಹೊರಟೆವು.

ಮೊದಲನೆಯದರ ಬೆಲೆ 500 ಡಾಲರು. ಹೊಸದಾಗಿ ಕಪ್ಪು ಬಣ್ಣ ಬಳಿದು ಮದುಮಗನಂತೆ ನಿಲ್ಲಿಸಿದ್ದರು. ಯಜಮಾನರ ಮುಖವರಳಿತು. “ಅಮ್ಮ, ಇದರ ಫಲಕ ಎಲ್ಲಿ?” ಎಂದು ಮಗಳು ಕೇಳಿದಳು. ಫಲಕವಿದ್ದ ಜಾಗದಲ್ಲಿ ಎರಡು ತೂತುಗಳು ಮಾತ್ರ ಇದ್ದವು. “ಅದು ಎಂದೋ ಬಿದ್ದುಹೋಯಿತು, ಕಾಗದವೂ ಕಳೆದುಹೋಗಿದೆ” ಎಂದನು ಮಾರುವವನು. ಅದು ಕದ್ದ ಮಾಲೆಂದು ನಾನು ಹೇಳಲಾರೆ. ಅಲ್ಲವೆಂದು ತೋರಿಸಲು ಅವನಿಂದಲೂ ಆಗಲಿಲ್ಲ. ಎಷ್ಟು ಭಾರ ಹೊರುವುದೆಂದು ತಿಳಿಯದ, ಯಾರದೆಂದು ಗೊತ್ತಾಗದ ಬಂಡಿಯನ್ನು ಬಿಟ್ಟು ಬಂದೆವು.

ಎರಡನೆಯದು ಎಲ್ಲ ವಿಧದಲ್ಲಿಯೂ ಬಲವಾಗಿದ್ದಿತು. 3,000 ಪೌಂಡು ಹೊರುವಂತಹುದು, ಬೆಲೆಯೂ ಹೆಚ್ಚಿರಲಿಲ್ಲ. ಬಲ ಹೆಚ್ಚಾದಷ್ಟೂ ಒಳ್ಳೆಯದಲ್ಲವೆ ಎಂದು ನಾನು ಕೇಳಿದೆನು. ಜೊತೆಗೆ ಬಂದಿದ್ದ ನೆರೆಯ ಹಿರಿಯರು ತಲೆಯಾಡಿಸಿದರು. ಭಾರಿ ಹೊರೆಗೆಂದು ಮಾಡಿದ ಸ್ಪ್ರಿಂಗು ಹಗುರ ದೋಣಿಯ ಕೆಳಗೆ ಬಗ್ಗುವುದೇ ಇಲ್ಲ. ರಸ್ತೆಯ ಪ್ರತಿಯೊಂದು ಪೆಟ್ಟೂ ನೇರವಾಗಿ ದೋಣಿಯ ಬೆಸುಗೆಗೂ ರಿವೆಟ್ಟಿಗೂ ಮುಟ್ಟುತ್ತದೆ. ಬರಿಯ ಗಾಡಿ ಕಲ್ಲುದಾರಿಯಲ್ಲಿ ಕುಣಿಯುವುದನ್ನು ಕಂಡವಳಾದುದರಿಂದ ನನಗೆ ಅದು ಕೂಡಲೆ ತಿಳಿಯಿತು.

ಮೂರನೆಯದು ಒಬ್ಬ ವೃದ್ಧೆಯ ಮನೆಯಲ್ಲಿದ್ದಿತು. ಆಕೆಯ ಪತಿ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದನು. ದೋಣಿಯು ಅದಕ್ಕೂ ಮುಂಚೆ ಬಿರುಗಾಳಿಯಲ್ಲಿ ಮರ ಬಿದ್ದು ಜಜ್ಜಿಹೋಗಿದ್ದಿತು. 2018ರಲ್ಲಿ ಕೊಂಡ, ಸತುವಿನ ಲೇಪದ, 1,500 ಪೌಂಡಿನ ಹಲಗೆಬಂಡಿಯೊಂದೇ ಕೊಟ್ಟಿಗೆಯಲ್ಲಿ ಉಳಿದಿದ್ದಿತು. ಆಕೆಯು ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ತೆರೆದಳು. ಅದರಲ್ಲಿ ಒಡೆತನದ ಪತ್ರವೂ ಕೊಂಡ ರಸೀದಿಯೂ ಒಂದು ಸಣ್ಣ ನೋಟುಪುಸ್ತಕವೂ ಇದ್ದವು. ಆ ಪುಸ್ತಕದಲ್ಲಿ ಪ್ರತಿ ವಸಂತದಲ್ಲಿಯೂ ಗ್ರೀಸು ತುಂಬಿದ ತಾರೀಖು, ಟೈರಿನ ಗಾಳಿ, ಬಿಗಿದ ನಟ್ಟುಗಳು ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದನು. ಕೊನೆಯ ಬರಹ 2020ರ ಏಪ್ರಿಲಿನದು. ಹಿರಿಯರು ಚಕ್ರವನ್ನು ತಿರುಗಿಸಿದರು. ಅದು ಸದ್ದಿಲ್ಲದೆ ಬಹಳ ಹೊತ್ತು ತಿರುಗುತ್ತಲೇ ಇದ್ದಿತು. ಆಕೆ ಕೇಳಿದುದು 1,100 ಡಾಲರು. ಚೌಕಾಸಿಯಲ್ಲಿ ನಿಪುಣರಾದ ನಮ್ಮ ಯಜಮಾನರು ಅಂದು ಒಂದು ಮಾತನ್ನೂ ಆಡದೆ ಎಣಿಸಿಕೊಟ್ಟರು. “ಇದನ್ನೂ ತೆಗೆದುಕೊಳ್ಳಿ, ಇದು ಬಂಡಿಯ ಜೊತೆಯಲ್ಲಿಯೇ ಇರತಕ್ಕುದು” ಎಂದು ಆಕೆಯು ನೋಟುಪುಸ್ತಕವನ್ನು ಮಗಳ ಕೈಗಿತ್ತಳು.

ಸ್ನಾನದ ಮನೆಯ ತಕ್ಕಡಿ

ಅರ್ಧ ಟನ್ನಿನ ದೋಣಿಯನ್ನು ಒಂದು ಬಂಡಿಯಿಂದ ಇನ್ನೊಂದಕ್ಕೆ ಹೇಗೆ ಏರಿಸುವುದು? ನೀರೇ ಅದಕ್ಕೆ ಕೂಲಿಯಾಳು. ಹಳೆಯ ಬಂಡಿಗೆ ತಾತ್ಕಾಲಿಕವಾಗಿ ಹೊಸ ಬೇರಿಂಗು ಹಾಕಿ, ಮೂರೇ ಮೈಲಿ ದೂರದ ಸರೋವರಕ್ಕೆ ಆಮೆಯಂತೆ ನಡೆಸಿಕೊಂಡು ಹೋದೆವು. ದೋಣಿಯನ್ನು ನೀರಿಗಿಳಿಸಿ ಹಗ್ಗದಿಂದ ಕಟ್ಟಿದೆವು. ಹಳೆಯ ಬಂಡಿ ಬರಿದಾಗಿ ಮೇಲೆ ಬಂದಿತು, ಹೊಸದು ಕೆಳಗಿಳಿಯಿತು, ದೋಣಿ ಅದರ ಮೇಲೆ ತೇಲಿಬಂದು ಕುಳಿತಿತು.

ಮನೆಗೆ ಬಂದು ನೋಡಿದರೆ ದೋಣಿಯ ಹಿಂಬದಿಯು ಹಲಗೆಗಳ ಅಂಚನ್ನು ದಾಟಿ ಆರು ಅಂಗುಲ ಚಾಚಿದ್ದಿತು. ಮೂಕಿಯ ಮೇಲೆ ಬೀಳುವ ಭಾರವು ಒಟ್ಟು ಭಾರದಲ್ಲಿ ನೂರಕ್ಕೆ ಏಳರಿಂದ ಹತ್ತರಷ್ಟು ಇರಬೇಕು. ಅದು ಕಡಮೆಯಾದರೆ ಬಂಡಿಯು ಹಾವಿನಂತೆ ಹೊರಳಾಡಿ ಕಾರನ್ನೇ ಎಳೆದಾಡುತ್ತದೆ; ಹೆಚ್ಚಾದರೆ ಕಾರಿನ ಮೂಗು ಮೇಲಕ್ಕೇಳುತ್ತದೆ. ಹಿಂದೆ ಭಾರವಾದ ಗಾಡಿಯ ನೊಗ ಎತ್ತುಗಳ ಕೊರಳನ್ನು ಮೇಲಕ್ಕೆತ್ತುವುದನ್ನು, ಮುಂದೆ ಭಾರವಾದುದು ಹೆಗಲನ್ನು ಒತ್ತುವುದನ್ನು ಬಲ್ಲವರಿಗೆ ಇದು ಹೊಸ ಶಾಸ್ತ್ರವಲ್ಲ. ಅಳೆಯುವುದು ಹೇಗೆಂದು ಗಂಡಸರು ಯೋಚಿಸುತ್ತಿರಲು, ನಾನು ಸ್ನಾನದ ಮನೆಯಲ್ಲಿ ನಾವು ಮೈತೂಕ ನೋಡಿಕೊಳ್ಳುವ ತಕ್ಕಡಿಯನ್ನು ತಂದು ಮೂಕಿಯ ಕೆಳಗಿಟ್ಟೆನು. ಅದು 85 ಪೌಂಡು ತೋರಿಸಿತು. ನಮ್ಮ 1,513 ಪೌಂಡಿಗೆ 106ಕ್ಕೆ ಕಡಮೆಯಿರಬಾರದು. ದೋಣಿಯ ಮೂತಿಯನ್ನು ಹಿಡಿಯುವ ಕಂಬವನ್ನು ಸಡಿಲಿಸಿ, ಆರು ಅಂಗುಲ ಮುಂದಕ್ಕೆ ಸರಿಸಿ ಬಿಗಿದು, ದೋಣಿಯನ್ನು ಎಳೆದು ಕೂಡಿಸಿದೆವು. ಹಿಂಬದಿ ಹಲಗೆಯ ಅಂಚಿಗೆ ಸರಿಯಾಗಿ ಕೂತಿತು. ತಕ್ಕಡಿ 130 ತೋರಿಸಿತು. ಮೂತಿಯ ಹಗ್ಗವೊಂದನ್ನೇ ನಂಬದೆ ಹಿಂಬದಿಯ ಎರಡು ಮೂಲೆಗಳನ್ನೂ ಪಟ್ಟಿಗಳಿಂದ ಬಿಗಿಯತಕ್ಕುದೆಂದು ಹಿರಿಯರು ಎಚ್ಚರಿಸಿದರು.

ಬಂಡಿಯ ಜೊತೆಯಲ್ಲಿ ಬರುವ ಅತಿಥಿ

ಇನ್ನೊಂದು ಮಾತು ಉಳಿದಿದೆ. ಬಂಡಿಯು ಒಂದು ಸರೋವರದಿಂದ ಮತ್ತೊಂದಕ್ಕೆ ದೋಣಿಯನ್ನು ಮಾತ್ರವೇ ಒಯ್ಯುವುದಿಲ್ಲ. ಐರೋಪ್ಯ ನೀರುಗಳಿಂದ ಹಡಗುಗಳ ತಳದ ನೀರಿನೊಡನೆ ಬಂದ ಪಟ್ಟೆಪಟ್ಟೆಯ ಸಣ್ಣ ಚಿಪ್ಪುಜೀವಿಯೊಂದು 1988ರಲ್ಲಿ ಇಲ್ಲಿನ ಮಹಾಸರೋವರಗಳ ನಡುವಣ ಸೇಂಟ್ ಕ್ಲೇರ್ ಸರೋವರದಲ್ಲಿ ಕಾಣಿಸಿಕೊಂಡಿತು. ಅದರ ಹೆಸರು ಜೀಬ್ರಾ ಮಸ್ಸೆಲ್. ಅದು ನೀರಿನೊಳಗಿನ ಸೂಕ್ಷ್ಮ ಆಹಾರವನ್ನೆಲ್ಲ ಸೋಸಿ ತಿಂದು ಬೇರೆ ಜೀವಿಗಳಿಗೆ ಬರವನ್ನು ತರುತ್ತದೆ, ಕೊಳವೆಗಳನ್ನು ಮುಚ್ಚುತ್ತದೆ. 2005ರಲ್ಲಿ ಈ ಸಂಸ್ಥಾನದ ಹೆಸರಾಂತ ಮೀನುಸರೋವರವಾದ ಮಿಲ್ ಲ್ಯಾಕ್ಸ್‌ನಲ್ಲಿಯೂ ಕಂಡಿತು. ಬಂಡಿಗೆ ಸಿಕ್ಕಿದ ಒಂದು ಎಳೆ ಪಾಚಿ, ದೋಣಿಯ ತಳದಲ್ಲಿ ಉಳಿದ ಒಂದು ಬೊಗಸೆ ನೀರು ಸಾಕು, ಅದು ಹೊಸ ಸರೋವರವನ್ನು ಸೇರುತ್ತದೆ. ಆದುದರಿಂದ ದಡದಿಂದ ಹೊರಡುವ ಮುನ್ನ ಬಂಡಿಯಿಂದ ಕಳೆಯನ್ನೆಲ್ಲ ಕಿತ್ತು, ದೋಣಿಯ ನೀರುಬಿರಡೆಯನ್ನು ತೆಗೆದೇ ಪ್ರಯಾಣ ಮಾಡಬೇಕೆಂದು ಮಿನ್ನೆಸೋಟದಲ್ಲಿ ಕಾನೂನಿದೆ. ಮತ್ತೆ ನೀರಿಗಿಳಿಸುವಾಗ ಬಿರಡೆಯನ್ನು ಹಾಕಲು ಮರೆಯಬಾರದೆಂಬುದು ಕಾನೂನಲ್ಲ. ಮರೆತವರು ಒಮ್ಮೆಗೇ ಕಲಿಯುತ್ತಾರೆ.

ಮೇ ತಿಂಗಳ ನಡುವೆ ಮೀನುಗಾರಿಕೆಯ ಕಾಲ ತೆರೆದ ದಿನ ನಾವು ಮೂವರೂ ನಸುಕಿನಲ್ಲಿಯೇ ಹೊರಟೆವು. ಹತ್ತು ಮೈಲಿಗೊಮ್ಮೆ ಯಜಮಾನರು ಕಾರನ್ನು ನಿಲ್ಲಿಸಿ ಇಳಿದು ಗುಂಭವನ್ನು ಮುಟ್ಟಿ ಬರುತ್ತಿದ್ದರು. “ಬೆಚ್ಚಗಿದೆ” ಎನ್ನುತ್ತಿದ್ದರು. ಮೂರನೆಯ ಸಲ ನನಗೆ ನಗು ಬಂದಿತು, ಆದರೆ ನಗಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ಇರುವಾಗ ಆ ಮಾತು ಎಷ್ಟು ಸಲ ಕೇಳಿದರೂ ಹಿತವೇ.

ಅಂದು ಸಿಕ್ಕಿದ ಮೀನುಗಳು ಎರಡು, ಅವೂ ಸಣ್ಣವು. ಹಿಂದಿರುಗಿದ ಮೇಲೆ ಮಗಳು ಆ ಹಳೆಯ ನೋಟುಪುಸ್ತಕವನ್ನು ತೆರೆದು, ವೃದ್ಧನ ಕೊನೆಯ ಸಾಲಿನ ಕೆಳಗೆ, ಟೈರಿನ ಗಾಳಿಯನ್ನೂ ಗ್ರೀಸು ತುಂಬಿದ ತಾರೀಖನ್ನೂ ಪೆನ್ಸಿಲಿನಿಂದಲೇ ಬರೆದಳು. ಪ್ರತಿ ವಸಂತದಲ್ಲಿಯೂ ಅದನ್ನು ಬರೆಯುವ ಕೆಲಸ ಈಗ ಅವಳದು. ಹಳೆಯ ವಸ್ತುವನ್ನು ಕೊಳ್ಳುವವರಿಗೆ ನನ್ನ ವಿಜ್ಞಾಪನೆಯೂ ಇಷ್ಟೇ: ಹೊಳಪನ್ನು ನೋಡಬೇಡಿರಿ, ಅಚ್ಚನ್ನು ನೋಡಿರಿ; ಸುಮ್ಮನೆ ಬಂದುದನ್ನು ಎರಡು ಸಲ ಪರೀಕ್ಷಿಸಿರಿ; ಕೊಂಡ ಮೇಲೆ ಕೀಲೆಣ್ಣೆಯ ಲೆಕ್ಕವನ್ನು ಬರೆದಿಡಿರಿ. ಮುಂದೊಂದು ದಿನ ಆ ಬಂಡಿ ಬೇರೆಯವರ ಮಕ್ಕಳ ಹಿಂದೆ ಓಡತಕ್ಕುದು.